ಹಂಚು ಹಿಡಿದ ಕೈ

ಕಳೆದ ಸೋಮವಾರ ಬೆಳಿಗ್ಗೆ ನಮ್ಮ ಸವಣೂರಿನ ಮನೆಯ ಹಂಚು ಇಳಿಸಲು ನಾಲ್ಕು ಜನ ಬಂದರು. ಸೊಸೆಗೆ ಸ್ಲ್ಯಾಬಿನ ಮನೆ ಬೇಕು. ಬೇಡ ಎನ್ನಲು ನನ್ನ ಹತ್ತಿರ ಕಾರಣವೇನೂ ಇರಲಿಲ್ಲ. ಮಳೆಗಾಲದಲ್ಲಿ ಸೋರುವ ಮೂರು ಕಡೆ ಬುಟ್ಟಿ ಇಡುವವಳು ಅವಳು, ಕುಳಿತು ಹಂಚಿನ ಮನೆಯ ಚಂದ ವರ್ಣಿಸುವವನು ನಾನು. ನನ್ನ ಕುರ್ಚಿಯನ್ನು ಅಂಗಳದ ಬೇವಿನ ಮರದ ಕೆಳಗೆ ಹಾಕಿಸಿ, "ಇಲ್ಲೇ ಕುಂತು ನೋಡ್ರಿ ಮಾವಾರ, ನಡುವ ಮಾತ್ರ ಹೋಗಬ್ಯಾಡ್ರಿ" ಎಂದು ತಾಕೀತು ಮಾಡಿ ಒಳಗೆ ಹೋದಳು. ನಾನು ನಡುವೆ ಹೋಗುವ ಮನುಷ್ಯ ಎಂಬುದು ಅವಳಿಗೆ ಈ ಮನೆಗೆ ಬಂದ ಮೊದಲ ವಾರದಲ್ಲೇ ಗೊತ್ತಾಗಿದೆ.

ಮೇಲಿದ್ದವನು ಮೊದಲ ಸಾಲು ಬಿಚ್ಚಿದ. ಒಣಗಿದ ಪಾಚಿ, ಬಿಸಿಲು ಕುಡಿದ ಮಣ್ಣು, ಅಡುಗೆಮನೆಯ ಎಷ್ಟೋ ವರ್ಷದ ಹೊಗೆ, ಎಲ್ಲ ಸೇರಿದ ಒಂದು ವಾಸನೆ ಅಂಗಳಕ್ಕೆಲ್ಲ ಹರಡಿತು. ನಾನು ಮೂಗು ಮುಚ್ಚಿಕೊಳ್ಳುವಷ್ಟರಲ್ಲಿ ಏಣಿಯ ಬುಡದಲ್ಲಿದ್ದವನು ಎರಡೂ ಕೈ ಚಾಚಿ ಕೂಗಿದ, "ಬರ್ಲಿ!"

ಕುರ್ಚಿಯಲ್ಲಿ ಒರಗಿದ್ದವನು ನೆಟ್ಟಗೆ ಕುಳಿತೆ. ಅದು ನನ್ನ ಮಾತು ಸ್ವಾಮಿ! ನನ್ನ ಫುಟ್‌ಬಾಲ್ ಜೀವನದಲ್ಲಿ ನಾನು ಮಾಡಿದ ಘನಕಾರ್ಯ ಏನಾದರೂ ಇದ್ದರೆ, ಎರಡು ವರ್ಷ ಬಿಡದೆ ಆ ಒಂದು ಮಾತನ್ನು ಒದರಿದ್ದು. ನಗಬೇಡಿ. ಆ ಮಾತಿನಿಂದ ಒಬ್ಬ ಮನುಷ್ಯ ಛಾವಣಿಯಿಂದ ಕೆಳಗೆ ಇಳಿದ. ಬಿದ್ದು ಅಲ್ಲ, ಕ್ಷೇಮವಾಗಿ ಇಳಿದ. ಕುಳಿತುಕೊಳ್ಳಿ, ಹೇಳುತ್ತೇನೆ.

ಅವನ ಹೆಸರು ದಾವಲಸಾಬ. ಐವತ್ತರ ದಶಕದ ಕೊನೆಯ ಮಾತು. ಅಪ್ಪ ಈ ಮನೆಗೆ ಮಂಗಳೂರು ಹಂಚು ಹೊದಿಸಿದಾಗ ಅವನು ಕೆಲಸಕ್ಕೆ ಬಂದಿದ್ದ. ಹಂಚು ಹೊದಿಸುವುದನ್ನು ನೀವು ನೋಡಿರದಿದ್ದರೆ ಇಷ್ಟು ತಿಳಿದುಕೊಳ್ಳಿ: ಕೆಳಗಿನವನು ಬಂಡಿಯಿಂದ ಎರಡೆರಡು ಹಂಚು ಜೋಡಿಸಿ ಮೇಲಕ್ಕೆ ಎಸೆಯುತ್ತಾನೆ. ಛಾವಣಿಯ ಅಂಚಿನಲ್ಲಿ ಕುಳಿತವನು ಅದನ್ನು ಹಿಡಿದು, ಅದೇ ಬೀಸಿನಲ್ಲಿ ತಿರುಗಿ ಹಿಂದಿನವನಿಗೆ ಒಗೆಯುತ್ತಾನೆ. ಹಿಂದಿನವನು ತಯಾರಿದ್ದೇನೆ ಎಂದು ತಿಳಿಸಲು ಪ್ರತಿ ಸಲವೂ "ಬರ್ಲಿ" ಅನ್ನಬೇಕು. ದಾವಲಸಾಬನದು ಆ ಅಂಚಿನ ಜಾಗ. ಅವನು ಇಡೀ ದಿನ ಹಿಡಿದ, ಒಂದು ಹಂಚೂ ಒಡೆಯಲಿಲ್ಲ. ನಾನು ಕೆಳಗೆ ನಿಂತು ಬಾಯಿ ತೆರೆದು ನೋಡುತ್ತಿದ್ದೆ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಹ್ಯಾಂಗ ಹಿಡೀತೀಯೋ ದಾವಲಾ?"

"ಹಿಡಿಯಾಂಗಿಲ್ರಿ ಮಾಸ್ತರ," ಎಂದ. "ಹಿಡದ್ರ ಒಡೀತೈತಿ. ಅದು ಬರೂದನ್ನ ನೋಡಿ ಅದರ ಕೂಡ ಒಂದೀಟು ಹಿಂದ ಹೋಗಬೇಕ್ರಿ. ಆಮ್ಯಾಲ ತಾನ ನಿಂದರತೈತಿ."

ಆಗ ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ ಮತ್ತು ಊರಿನ ಫುಟ್‌ಬಾಲ್ ತಂಡದ ಕ್ಯಾಪ್ಟನ್ ಆಗಿದ್ದೆ. ಆಟ ಚೆನ್ನಾಗಿ ಬರುತ್ತಿತ್ತು ಎಂದು ತಿಳಿಯಬೇಡಿ. ಚೆಂಡು ನಮ್ಮ ಮನೆಯಲ್ಲಿರುತ್ತಿತ್ತು, ಅದಕ್ಕೆ ಕ್ಯಾಪ್ಟನ್. ನಮ್ಮ ಗೋಲ್‌ಕೀಪರ್ ಆ ತಿಂಗಳಷ್ಟೇ ಹಿರೇಕೆರೂರಿಗೆ ವರ್ಗವಾಗಿ ಹೋಗಿದ್ದ. ಹೋಗುವಾಗ ತಂಡದ ಒಂದೇ ಒಂದು ಸೀಟಿಯನ್ನೂ ಕಿಸೆಯಲ್ಲಿ ಹಾಕಿಕೊಂಡು ಹೋಗಿದ್ದ. ಸೀಟಿ ಇಲ್ಲದೆ ನಡೆಯುತ್ತದೆ, ಗೋಲಿನಲ್ಲಿ ನಿಲ್ಲುವವನಿಲ್ಲದೆ ಹೇಗೆ? ಅಂಚಿನಲ್ಲಿ ಕುಳಿತ ಆ ಕೈಗಳನ್ನು ನೋಡಿದವನೇ ನಾನು ನಿರ್ಧಾರ ಮಾಡಿದೆ. ಮುಂದಿನ ರವಿವಾರ ಹಾನಗಲ್ಲಿನಲ್ಲಿ ಆಟವಿತ್ತು. ಚೆಂಡು ಹಿಡಿಯುವುದನ್ನು ನಾಲ್ಕು ಸಂಜೆ ಅಭ್ಯಾಸ ಮಾಡಿಸಿದೆ. ಹಿಡಿದ ಮೇಲೆ ಏನು ಮಾಡಬೇಕು ಎಂಬುದನ್ನು ಯಾರೂ ಹೇಳಿಕೊಡಲಿಲ್ಲ. ಅದನ್ನೂ ಹೇಳಿಕೊಡಬೇಕು ಎಂದು ಯಾರಿಗೆ ತಾನೇ ಹೊಳೆಯುತ್ತದೆ?

ಹಾನಗಲ್ಲಿನ ಮೈದಾನದಲ್ಲಿ ಎರಡು ಬಿದಿರು ನೆಟ್ಟು ನಡುವೆ ಹಗ್ಗ ಕಟ್ಟಿದ್ದರು. ಬಲೆಗಿಲೆ ಇಲ್ಲ, ಹಿಂದೆ ಜೋಳದ ಹೊಲ. ಆಟ ಶುರುವಾಗಿ ಐದು ನಿಮಿಷವಾಗಿರಲಿಲ್ಲ, ಅವರ ಮುಂದಾಳು ಇಪ್ಪತ್ತು ಹೆಜ್ಜೆಯಿಂದ ಒದ್ದ. ಅಂಥ ಏಟನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ. ದಾವಲಸಾಬ ಒಂದು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಚೆಂಡಿನ ಜೊತೆಗೇ ಎದೆಯತನಕ ತಂದು, ಸದ್ದೇ ಇಲ್ಲದಂತೆ ಹಿಡಿದ. ಹಾನಗಲ್ಲಿನವರೂ ಚಪ್ಪಾಳೆ ತಟ್ಟಿದರು. ನನಗಂತೂ ಎದೆ ಉಬ್ಬಿತು. ಅಷ್ಟರಲ್ಲಿ ಅವನು ಅದೇ ಬೀಸಿನಲ್ಲಿ ತಿರುಗಿ, "ತಗೋ!" ಎಂದು ಚೆಂಡನ್ನು ಹಿಂದಕ್ಕೆ ಒಗೆದುಬಿಟ್ಟ. ಚೆಂಡು ನಮ್ಮದೇ ಗೋಲು ದಾಟಿ ಜೋಳದ ಹೊಲಕ್ಕೆ ಹೋಯಿತು.

ಎರಡು ಗಳಿಗೆ ಯಾರೂ ನಗಲಿಲ್ಲ, ಏನಾಯಿತೆಂದು ಯಾರಿಗೂ ತಿಳಿದಿರಲಿಲ್ಲ. ಆಮೇಲೆ ಶುರುವಾಯಿತು ನೋಡಿ, ಹಾನಗಲ್ಲಿನ ಕೆರೆಯ ಆಚೆ ದಂಡೆಗೂ ಕೇಳಿಸಿರಬೇಕು. ನಾನೂ ನಕ್ಕೆ, ಕ್ಯಾಪ್ಟನ್ ಆಗಿಯೂ ನಕ್ಕೆ. ದಾವಲಸಾಬ ಮಾತ್ರ ತನ್ನ ಎರಡೂ ಅಂಗೈ ನೋಡುತ್ತ ನಿಂತಿದ್ದ. "ಹಿಂದ ಯಾರರ ಇರತಾರ ಅಂತ ಕೈಗೆ ರೂಢಿ ಆಗೇತ್ರಿ ಮಾಸ್ತರ," ಎಂದ. "'ಬರ್ಲಿ' ಅನ್ನೂ ದನಿ ಎಲ್ಲಿಂದ ಬರತೈತಿ, ಕೈ ಅಲ್ಲಿ ಹೋಗತಾವು. ಇಲ್ಲಿ ಯಾರೂ ಅನ್ನಲಿಲ್ಲ. ಹಿಂಗಾಗಿ ತಾವ ಹಿಂದ ಹೋದವು."

ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಹಿಂದೆ ಯಾರೂ ಅನ್ನದಿದ್ದರೆ ಮುಂದೆ ನಾನು ಅಂದರಾಯಿತಲ್ಲ! ಗೋಲಿನ ಮುಂದೆ ಕಾಯುವ ಆಟಗಾರ ಹೇಗೂ ನಾನೇ. ಮರುದಿನವೇ ಪರೀಕ್ಷೆ ಮಾಡಿದೆವು. ಅವನು ಹಿಡಿದೊಡನೆ ನಾನು ಮುಂದಿನಿಂದ "ಬರ್ಲಿ!" ಅಂದೆ. ಚೆಂಡು ನೇರವಾಗಿ ನನ್ನ ಎದೆಗೆ ಬಂತು. ಅಂದಿನಿಂದ ಶಿಗ್ಗಾಂವಿಯಲ್ಲಿ, ಹಂಸಭಾವಿಯಲ್ಲಿ, ಹತ್ತಿಮತ್ತೂರಿನ ಸುಗ್ಗಿ ಮುಗಿದ ಕಣದಲ್ಲಿ, ಎಲ್ಲಿ ಆಡಿದರೂ ಅವನು ಹಿಡಿಯುವುದು, ನಾನು ಒದರುವುದು. ಎರಡು ವರ್ಷದಲ್ಲಿ ದಾವಲಸಾಬನ ಹೆಸರು ನಾಲ್ಕು ತಾಲ್ಲೂಕಿಗೆ ಹಬ್ಬಿತು. ಎಲ್ಲಾ ನನ್ನಿಂದಲೇ ಎಂದು ನಾನು ನಂಬಿದ್ದೆ. ಚಹಾದಂಗಡಿಯಲ್ಲಿ ಹಾಗೆಂದು ಹೇಳಿಕೊಂಡೂ ತಿರುಗುತ್ತಿದ್ದೆ, ಈಗ ಮುಚ್ಚಿಡುವುದೇನು?

ಈ ನಡುವೆ ಅವರ ಮನೆಯಲ್ಲಿ ಒಂದು ಅನಾಹುತವಾಯಿತು. ದಾವಲಸಾಬನ ಅಣ್ಣ ಖಾದರನೂ ಹಂಚಿನ ಕೆಲಸದವನೇ. ಅಕ್ಕಿಆಲೂರಿನಲ್ಲಿ ಒಂದು ಮನೆಯ ಹಂಚು ಸರಿಪಡಿಸುವಾಗ, ರಾತ್ರಿಯ ಮಳೆಗೆ ತೊಯ್ದ ರೀಪಿನ ಮೇಲೆ, ಹಂಚು ಕೂರಿಸುವ ಮರದ ಪಟ್ಟಿಯ ಮೇಲೆ, ಕಾಲು ಜಾರಿ ಬಿದ್ದ. ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ. ಕೋಲು ಹಿಡಿದು ನಡೆಯುವಂತಾಗಿ ಬಸ್‌ಸ್ಟ್ಯಾಂಡಿನ ಹತ್ತಿರ ವೀಳ್ಯದೆಲೆ ಮಾರುತ್ತ ಕುಳಿತ. ಅವರ ತಾಯಿ ಫಾತಿಮಾಬಿ ಒಂದು ಸಂಜೆ ನಮ್ಮ ಕಟ್ಟೆಗೆ ಬಂದು ಕುಳಿತಳು. ಅಳಲಿಲ್ಲ, ದೂರಲಿಲ್ಲ.

"ಮಾಸ್ತರ, ಒಬ್ಬಾವ ಬಿದ್ದ. ಇನ್ನೊಬ್ಬಾವನ್ನ ಇಳಸ್ರಿ," ಎಂದಳು. "ಅಂವಾ ಮ್ಯಾಲ ಹತ್ತಿದ ದಿನಾ ನನಗ ತುತ್ತು ಇಳಿಯಾಂಗಿಲ್ಲ. ನೆಲದ ಮ್ಯಾಲ ನಿಂತು ಮಾಡೂ ಕೆಲಸ ಯಾವುದರ ಒಂದು ನೋಡ್ರಿ. ನಿಮಗ ದೊಡ್ಡ ಮಂದಿ ಗುರ್ತು ಐತಿ."

ನನಗೆ ಗುರುತಿದ್ದ ದೊಡ್ಡ ಮಂದಿಯೆಂದರೆ ನಮ್ಮ ಹೆಡ್‌ಮಾಸ್ತರರು. ಅವರಿಗೂ ನನ್ನ ಗುರುತು ಅಷ್ಟಾಗಿ ಬೇಕಾಗಿರಲಿಲ್ಲ. ಆದರೂ ಆ ತಾಯಿಯ ಎದುರಿಗೆ ಇಲ್ಲ ಅನ್ನಲು ನಾಲಿಗೆ ಬರಲಿಲ್ಲ. "ಮಾಡೂಣು, ನೀವು ಉಣ್ರಿ" ಎಂದು ಧೈರ್ಯ ಹೇಳಿ ಕಳಿಸಿ, ಇಡೀ ವಾರ ನಾನೇ ಸರಿಯಾಗಿ ಊಟ ಮಾಡಲಿಲ್ಲ. ಆಗ ಕೇಳಿಬಂತು, ಹುಬ್ಬಳ್ಳಿಯ ಒಂದು ಗಿರಣಿಯವರು ತಮ್ಮ ಫುಟ್‌ಬಾಲ್ ತಂಡಕ್ಕೆ ಪಗಾರ ಕೊಟ್ಟು ಗೋಲ್‌ಕೀಪರನನ್ನು ಇಟ್ಟುಕೊಳ್ಳಲಿದ್ದಾರೆ ಎಂದು. ಆರಿಸುವವರು ಗಿರಣಿಯ ಬಾಯ್ಲರ್ ನೋಡಿಕೊಳ್ಳುವ ಬಿಳಿ ಸಾಹೇಬರು. ನಾನು ಡಿಕ್ಷನರಿ ತೆಗೆದಿಟ್ಟುಕೊಂಡು ಇಂಗ್ಲಿಷಿನಲ್ಲಿ ಕಾಗದ ಬರೆದೆ. ಒಂದು ತಿಂಗಳಿಗೆ ತಂಡ ಕಟ್ಟಿಕೊಂಡು ಸಾಹೇಬರೇ ಸವಣೂರಿಗೆ ಬಂದಿಳಿದರು.

ಬಾಯ್ಲರ್ ಸಾಹೇಬರ ಕೆಂಪು ಮುಖ, ಬೋಳು ತಲೆ, ಕೈಬೆರಳು ಒಂದೊಂದೂ ಒಂದೊಂದು ದಿಕ್ಕಿಗೆ. ನಾನು ಸ್ವಾಗತ ಭಾಷಣದಲ್ಲಿ ಅವರನ್ನು ಇಂಗ್ಲೆಂಡಿನ ಮಹನೀಯರು ಎಂದೆ. ಕೆಂಪು ಮುಖ ಇನ್ನಷ್ಟು ಕೆಂಪಾಯಿತು. ತಾನು ಇಂಗ್ಲೆಂಡಿನವನಲ್ಲ, ವೇಲ್ಸಿನವನು, ತನ್ನ ದೇಶ ಬೇರೆ, ಭಾಷೆ ಬೇರೆ ಎಂದು ಅಲ್ಲೇ ತಿದ್ದಿದರು. ವರ್ಷಗಟ್ಟಲೆ ಆ ನಕಾಶೆ ತೋರಿಸಿ ಪಾಠ ಮಾಡಿದವನು ನಾನು, ವೇಲ್ಸ್ ಎಂಬ ಹೆಸರನ್ನು ಒಂದು ದಿನವೂ ಬಾಯಿಬಿಟ್ಟು ಓದಿರಲಿಲ್ಲ. ಆದರೆ ಅವರ ಸಿಟ್ಟು ಮಾತ್ರ ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮನ್ನು ಯಾರಾದರೂ ಹುಬ್ಬಳ್ಳಿ ಕಡೆಯವರು ಅಂದರೆ ನಾವು ಸುಮ್ಮನಿರುತ್ತೇವೆಯೇ? ನಮ್ಮದು ನವಾಬರ ಸಂಸ್ಥಾನ ಸಾಹೇಬರೇ ಎಂದು ಎಗರುವುದಿಲ್ಲವೇ? ಆ ಕ್ಷಣದಿಂದ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು.

ಆಟದ ಮೊದಲ ಅರ್ಧದಲ್ಲಿ ಗಿರಣಿಯವರು ಹತ್ತು ಸಲ ಒದ್ದರು, ದಾವಲಸಾಬ ಹತ್ತು ಸಲ ಹಿಡಿದ, ನಾನು ಹತ್ತು ಸಲ "ಬರ್ಲಿ" ಅಂದೆ. ಗೋಲಿನ ಹಿಂದೆ ಖಾದರ ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. ವಿರಾಮದಲ್ಲಿ ನಾನು ಗೆದ್ದವನಂತೆ ಸಾಹೇಬರ ಹತ್ತಿರ ಹೋದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದು ಇಷ್ಟು: ಗೋಲು ಕಾಯುವವನು ಅವನೋ, ನೀನೋ? ಹಿಡಿಯುವುದು ಅವನು, ಮುಂದಿನದನ್ನು ಹೇಳುವುದು ನೀನು. ಹುಬ್ಬಳ್ಳಿಗೆ ನಿನ್ನನ್ನೂ ಕರೆದೊಯ್ಯಲೇ? ದ್ವಿತೀಯಾರ್ಧದಲ್ಲಿ ಅವನು ನನ್ನ ಗಿರಣಿಯ ತಂಡದ ಗೋಲಿನಲ್ಲಿ ನಿಲ್ಲಲಿ, ನಿನ್ನ ವಿರುದ್ಧ. ಆಮೇಲೆ ನೋಡೋಣ.

ದಾವಲಸಾಬನಿಗೆ ವಿಷಯ ಹೇಳಿದೆ. ಅವನೇನೂ ಗಾಬರಿಯಾಗಲಿಲ್ಲ. "ಆತ್ರಿ," ಎಂದು ಗಿರಣಿಯವರ ಗೋಲಿನ ಕಡೆ ನಡೆದ, ಅವರ ಕೀಪರ್ ನಮ್ಮ ಗೋಲಿಗೆ ಬಂದ. ಖಾದರನೂ ಕೋಲೂರುತ್ತ ಆ ಗೋಲಿನ ಹಿಂದೆ ಹೋಗಿ ಕುಳಿತ. ಹಾನಗಲ್ಲಿನ ಜೋಳದ ಹೊಲ ನನ್ನ ಕಣ್ಣ ಮುಂದೆ ಬಂತು. ಇವತ್ತು ಹಾಗಾದರೆ ನಗುವವರು ಯಾರೂ ಇರುವುದಿಲ್ಲ, ನಾಳೆ ಬೆಳಿಗ್ಗೆ ಇವನು ಮತ್ತೆ ಏಣಿ ಹತ್ತುತ್ತಾನೆ, ಮನೆಯಲ್ಲಿ ಅವನ ತಾಯಿ ತಾಟಿನ ಮುಂದೆ ಸುಮ್ಮನೆ ಕೂಡುತ್ತಾಳೆ ಎಂದುಕೊಂಡೆ.

ಆಟ ಮುಗಿಯಲು ಸ್ವಲ್ಪ ಹೊತ್ತಿತ್ತು. ಆ ತನಕ ಅವನ ಕೈಗೆ ಚೆಂಡು ಬಂದಿರಲೇ ಇಲ್ಲ. ಇನ್ನೂ ಯಾರದೂ ಗೋಲಾಗಿರಲಿಲ್ಲ. ನಮಗೆ ಒಂದು ಕಾರ್ನರ್ ಸಿಕ್ಕಿತು. ಎತ್ತರದ ಮನುಷ್ಯನೆಂದು ನನ್ನನ್ನೂ ಮುಂದೆ ಕರೆದರು. ಚೆಂಡು ಮೇಲಿಂದ ಬಂತು, ನಮ್ಮವನೊಬ್ಬ ತಲೆ ಕೊಟ್ಟ. ದಾವಲಸಾಬ ಹಿಂದೆ ಸರಿದು ಸದ್ದಿಲ್ಲದೆ ಹಿಡಿದ. ಅವನ ಮುಂದೆ ನಾಲ್ಕೇ ಹೆಜ್ಜೆ ದೂರದಲ್ಲಿ ನಾನು. ಎರಡು ವರ್ಷದ ರೂಢಿ ನೋಡಿ, ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ.

"ಬರ್ಲಿ!"

ಚೆಂಡು ಮೆತ್ತಗೆ ಬಂದು ನನ್ನ ಎದೆಗೆ ತಾಗಿ ಕಾಲ ಮುಂದೆ ಬಿತ್ತು. ಎದುರಾಳಿ ನಾನು! ಮುಂದೆ ಗೋಲು, ನಡುವೆ ಅವನೊಬ್ಬನೇ! ಇಲ್ಲಿ ನಿಮಗೆ ನಿಜ ಹೇಳಬೇಕು. ಫಾತಿಮಾಬಿಯ ನೆನಪು ನನಗೆ ಆಗಲೇ ಇಲ್ಲ. ಗೆಳೆತನವೂ ನೆನಪಾಗಲಿಲ್ಲ. ಹುಟ್ಟಿದಾಗಿನಿಂದ ಒಂದೂ ಗೋಲು ಹೊಡೆಯದ ಮನುಷ್ಯನ ಕಾಲ ಮುಂದೆ ಚೆಂಡು ಬಂದು ನಿಂತಿತ್ತು. ನಾನು ಇದ್ದಬಿದ್ದ ಶಕ್ತಿಯನ್ನೆಲ್ಲ ಹಾಕಿ ಒದ್ದೆ.

ಚೆಂಡಿನ ಕೂಡ ಹಿಂದೆ ಹೋಗಲು ಅವನಿಗೆ ಜಾಗವಿರಲಿಲ್ಲ, ಹಿಮ್ಮಡಿಯ ಹತ್ತಿರವೇ ಗೆರೆ. ಛಾವಣಿಯ ತುದಿಯಲ್ಲಿ ಕುಳಿತಾಗ ಹಿಂದೆ ಸರಿಯಲು ಆಗದಿದ್ದರೆ ಹಂಚಿನವರು ಪಕ್ಕಕ್ಕೆ ತಿರುಗುತ್ತಾರೆ, ನಾನು ನಮ್ಮ ಮನೆಯಲ್ಲೇ ನೋಡಿದ್ದೆ. ಅವನು ಹಾಗೆಯೇ ತಿರುಗಿದ. ಚೆಂಡಿನ ಕೂಡ ಗೆರೆಯುದ್ದಕ್ಕೂ ಹಾರಿ, ಕಂಬದ ಬುಡದಲ್ಲಿ ಬಿದ್ದು, ಮೈದಾನದ ಒಳಗೇ ಅದನ್ನು ತಬ್ಬಿಕೊಂಡು ಮಲಗಿದ.

ಆಮೇಲೆ ಎದ್ದು ಕುಳಿತ. ಈಗ ಇಡೀ ಮೈದಾನ ಸುಮ್ಮನೆ. ಹಿಂದೆ ತಿರುಗಿ ಅಣ್ಣನನ್ನು ನೋಡಿದ. ಖಾದರ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಿದ್ದ. ಅವನೂ ಹಂಚಿನವನಲ್ಲವೇ, ಎಲ್ಲಿ 'ಬರ್ಲಿ' ಅಂದುಬಿಡುತ್ತೇನೋ ಎಂಬ ಹೆದರಿಕೆ. ಮುಂದೆ ತಿರುಗಿ ನನ್ನನ್ನು ನೋಡಿದ. ನಾನೂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದೆ. ದಾವಲಸಾಬನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಎದ್ದು, ನಾಲ್ಕು ಹೆಜ್ಜೆ ಇಟ್ಟು, ನಮ್ಮೆಲ್ಲರ ತಲೆಯ ಮೇಲಿಂದ ಚೆಂಡನ್ನು ಮೈದಾನದ ಆ ತುದಿಗೆ ಒದ್ದ. ಯಾರೂ ಏನೂ ಅಂದಿರಲಿಲ್ಲ.

ಆಟ ಮುಗಿದ ಮೇಲೆ ಸಾಹೇಬರು ನಮ್ಮಿಬ್ಬರನ್ನು ಕರೆದು ಮುಖ ಗಂಟಿಕ್ಕಿ ನಿಂತರು. ಗೆಳೆಯನೆಂದು ಮೆತ್ತಗೆ ಒದ್ದೆಯೇನು ಎಂದು ನನ್ನನ್ನು ಕೇಳಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನನ್ನ ಜನ್ಮದಲ್ಲೇ ಅಷ್ಟು ಜೋರಾಗಿ ಒದ್ದಿಲ್ಲ ಎಂದು ಇಂಗ್ಲಿಷಿನಲ್ಲಿ ಶುರು ಮಾಡಿ, ಸಿಟ್ಟು ಹೆಚ್ಚಾಗಿ ಕನ್ನಡದಲ್ಲಿ ಮುಗಿಸಿದೆ. ದಾವಲಸಾಬ ಎಡಗೈ ಮುಂದೆ ಚಾಚಿದ. ಕಿರುಬೆರಳು ಬಾತು ಪಕ್ಕಕ್ಕೆ ವಾಲಿತ್ತು. ಸಾಹೇಬರು ಅದನ್ನು ಮುಟ್ಟಿ ನೋಡಿದರು. ಆಮೇಲೆ ತಮ್ಮ ಕೈಯನ್ನು ಅದರ ಪಕ್ಕಕ್ಕೆ ಹಿಡಿದರು, ಅವರ ಕಿರುಬೆರಳೂ ಅದೇ ಕಡೆ ವಾಲಿತ್ತು. ಮೊದಲ ಸಲ ನಕ್ಕರು.

ತಿನ್ನಲು ಸವಣೂರಿನ ಕುರುಕಲು ಖಾರ ಮತ್ತು ಚಹಾ ತರಿಸಿ, ಮೈದಾನದ ಅಂಚಿನಲ್ಲಿ ಕುಳಿತೆವು. ಅಲ್ಲಿ ಸಾಹೇಬರು ತಮ್ಮ ಕಥೆ ಹೇಳಿದರು, ನಾನು ಕನ್ನಡದಲ್ಲಿ ಇವನಿಗೆ ಹೇಳುತ್ತ ಹೋದೆ. ಅವರ ಊರಿನ ಗಂಡಸರೆಲ್ಲ ಕಲ್ಲಿದ್ದಲ ಗಣಿಯವರು. ಹದಿನಾಲ್ಕನೇ ವಯಸ್ಸಿಗೆ ಅಪ್ಪನ ಜೊತೆ ಇವರೂ ನೆಲದೊಳಗೆ ಇಳಿದರು. ಚಳಿಗಾಲದಲ್ಲಿ ಸೂರ್ಯ ಹುಟ್ಟುವ ಮೊದಲು ಇಳಿಯುವುದು, ಮುಳುಗಿದ ಮೇಲೆ ಬರುವುದು. ಬಿಸಿಲು ಕಾಣುವುದು ರಜೆಯ ದಿನ ಮಾತ್ರ. ಗಣಿಯ ತಂಡದಲ್ಲಿ ಗೋಲು ಕಾಯುತ್ತಿದ್ದಾಗ ಪಟ್ಟಣದ ಕ್ಲಬ್ಬಿನವರು ನೋಡಿ, ವಾರದ ಪಗಾರ ಕೊಟ್ಟು ಕರೆದೊಯ್ದರು. ಒಂಬತ್ತು ವರ್ಷ ಆ ಎರಡು ಕಂಬಗಳ ನಡುವೆ ನಿಂತು ಅನ್ನ ತಿಂದರು. ಮೂರು ಬೆರಳು ಮುರಿದವು. ಎಷ್ಟು ಗೋಲು ತಡೆದೆ, ಎಷ್ಟು ಬಿಟ್ಟೆ ಎಂಬುದು ನೆನಪಿಲ್ಲ, ಮಧ್ಯಾಹ್ನದ ಹೊತ್ತು ಬೆನ್ನಿಗೆ ಬಿಸಿಲು ತಾಗುತ್ತಿತ್ತಲ್ಲ, ಅದೊಂದು ನೆನಪಿದೆ ಎಂದರು. ಆಮೇಲೆ ಯುದ್ಧ ಬಂತು, ಆಟ ಬಿಟ್ಟು ಬಾಯ್ಲರ್ ಕಲಿತು ಈ ಕಡೆ ಬಂದರು.

ದಾವಲಸಾಬ ಚಹಾದ ಬಸಿ ಕೆಳಗಿಟ್ಟ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ, "ಅವರಿಗೆ ಹೇಳ್ರಿ ಮಾಸ್ತರ. ಅವರು ಕೆಳಗಿಂದ ನೆಲಕ್ಕ ಬಂದ್ರು. ನಾ ಮ್ಯಾಲಿಂದ ನೆಲಕ್ಕ ಬರಾಕತ್ತೇನಿ. ಇಬ್ಬರಿಗೂ ಬೇಕಾಗಿದ್ದು ನೆಲ ಅಷ್ಟರಿ."

ನಾನು ಅದನ್ನು ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರು ಎದ್ದು ನಿಂತು, ಬಾಯ್ಲರಿನ ಕೂಲಿಗಳಿಂದ ಕಲಿತ ಕನ್ನಡದಲ್ಲಿ, "ಒಂದನೇ ತಾರೀಖು ಬಾ. ತಡಾ ಮಾಡಬ್ಯಾಡ" ಎಂದು ಹೇಳಿ ಲಾರಿ ಹತ್ತಿದರು. ಅವರಿಗೆ ಬರುತ್ತಿದ್ದ ಕನ್ನಡದಲ್ಲಿ ಬೈಗಳಲ್ಲದ ಮಾತು ಅದೊಂದೇ ಇತ್ತಂತೆ, ದಾವಲಸಾಬ ಆಮೇಲೆ ಹೇಳಿದ.

ಸುದ್ದಿ ಹೇಳಲು ಖಾದರನೂ ಸೇರಿ ಮೂವರೂ ಅವರ ಮನೆಗೆ ಹೋದೆವು. ಫಾತಿಮಾಬಿ ಎಲ್ಲ ಕೇಳಿಕೊಂಡು ಒಂದೇ ಪ್ರಶ್ನೆ ಕೇಳಿದಳು, "ಅಲ್ಲಿ ಎತ್ತರ ಎಷ್ಟರಿ ಮಾಸ್ತರ?"

"ಎಂಟು ಫೂಟು," ಎಂದೆ. "ಅದೂ ಅಂವಾ ಅದರ ಕೆಳಗ ನಿಂದರೂದು."

ಅವಳು ಒಳಗೆ ಹೋಗಿ ತಾಟು ಹಾಕಿದಳು. ನಾಲ್ಕೂ ಜನ ಉಂಡೆವು. ಅವತ್ತಿನಷ್ಟು ರುಚಿಯಾದ ಜೋಳದ ರೊಟ್ಟಿಯನ್ನು ನಾನು ಮತ್ತೆ ತಿಂದಿಲ್ಲ.

ಮುಂದೆ ದಾವಲಸಾಬ ಹನ್ನೊಂದು ವರ್ಷ ಗಿರಣಿಯ ಗೋಲು ಕಾದ. ಬೆಳಗಾವಿಗೆ, ಸೊಲ್ಲಾಪುರಕ್ಕೆ ಹೋಗಿ ಆಡಿ ಬಂದ. ಸಾಹೇಬರು ತಮ್ಮ ದೇಶಕ್ಕೆ ಮರಳುವಾಗ ತಮ್ಮ ಹಳೆಯ ಕೈಗವಸುಗಳನ್ನು ಅವನಿಗೆ ಕೊಟ್ಟು ಹೋದರು; ಇವನು ಅವನ್ನು ಒಮ್ಮೆಯೂ ಹಾಕಿಕೊಳ್ಳಲಿಲ್ಲ, ಕೈಗೆ ಚೆಂಡು ತಿಳಿಯುವುದಿಲ್ಲವಂತೆ. ಆಟ ನಿಂತ ಮೇಲೆ ಬಾಯ್ಲರ್ ಖಾತೆಯಲ್ಲೇ ಕೆಲಸಕ್ಕೆ ಉಳಿದ, ಈಗ ಹುಬ್ಬಳ್ಳಿಯಲ್ಲಿ ಮೊಮ್ಮಕ್ಕಳ ಜೊತೆ ಇದ್ದಾನೆ. ಹೋದಾಗಲೆಲ್ಲ ನಾನು ಹಾನಗಲ್ಲಿನ ಆ ಕಥೆ ತೆಗೆಯುತ್ತೇನೆ. ಅವನ ಮೊಮ್ಮಕ್ಕಳ ಮುಂದೆ ಎದ್ದು ನಿಂತು ಅಭಿನಯಿಸಿಯೂ ತೋರಿಸಿದ್ದೇನೆ. ಅವನು ಒಂದು ಸಲವೂ ಬೇಸರ ಮಾಡಿಕೊಂಡಿಲ್ಲ. "ನಿಮಗ ತಿಳಿಯಾಂಗಿಲ್ರಿ ಮಾಸ್ತರ, ಕೈ ಮಾತು ಕೇಳಾಂಗಿಲ್ಲ" ಎನ್ನುತ್ತಾನೆ, ಅಷ್ಟೇ.

ಸೋಮವಾರ ಮಧ್ಯಾಹ್ನದ ಹೊತ್ತಿಗೆ ಅರ್ಧ ಮನೆಗೆ ಆಕಾಶ ಕಾಣುತ್ತಿತ್ತು. ಇಳಿಸಿದ ಹಂಚೆಲ್ಲ ಗೋಡೆಗೆ ಒರಗಿ ನಿಂತಿದ್ದವು, ಎಲ್ಲವೂ ದಾವಲಸಾಬನ ಕೈ ಹಾದು ಹೋದವು. ಏಣಿಯ ಬುಡದಲ್ಲಿದ್ದವನು ನೀರು ಕುಡಿಯಲು ಹಿತ್ತಲಿಗೆ ಹೋದ. ಜಾಗ ಖಾಲಿ. ಸೊಸೆ ಅಡುಗೆಮನೆಯಲ್ಲಿದ್ದಾಳೆ ಎಂಬುದನ್ನು ಖಚಿತ ಮಾಡಿಕೊಂಡು ನಾನು ಹೋಗಿ ನಿಂತೆ. ಮೇಲಿನವನು, "ಅಜ್ಜಾರ, ಬ್ಯಾಡ್ರಿ" ಎಂದ. ನಾನು ಕೈ ಚಾಚಿ ಒದರಿದೆ, "ಬರ್ಲಿ!"

ಹಂಚು ಬಂತು. ಹಿಡಿಯಲಿಲ್ಲ, ಅದರ ಕೂಡ ಒಂದು ಹೆಜ್ಜೆ ಹಿಂದೆ ಹೋದೆ. ತಾನೇ ನಿಂತಿತು! ಈ ವಯಸ್ಸಿನಲ್ಲಿ, ಮೊದಲ ಸಲಕ್ಕೆ! ಸದ್ದಿಲ್ಲ, ಬಿರುಕಿಲ್ಲ. ಅಂಗೈಗೆ ಅದರ ಬಿಸಿ ತಾಗಿತು. ಇಂಥದ್ದನ್ನು ಇನ್ನೊಬ್ಬರಿಗೆ ಕೊಡದೆ ಹೇಗೆ ಇಟ್ಟುಕೊಳ್ಳುವುದು ಅನ್ನಿಸಿತೋ ಏನೋ, ನನ್ನ ಕೈಗಳು ನನ್ನನ್ನು ಕೇಳದೆ ಅದೇ ಬೀಸಿನಲ್ಲಿ ತಿರುಗಿ ಹಂಚನ್ನು ಹಿಂದಕ್ಕೆ ಒಗೆದವು. ಹಿಂದೆ ಬೇವಿನ ಮರ, ಖಾಲಿ ಕುರ್ಚಿ.

ಸದ್ದಿಗೆ ಸೊಸೆ ಹೊರಗೆ ಓಡಿ ಬಂದಳು. ಕೆಲಸದವರು ಮುಖ ತಿರುಗಿಸಿ ನಗುತ್ತಿದ್ದರು. ಇಡೀ ದಿನದಲ್ಲಿ ಒಡೆದ ಹಂಚು ಅದೊಂದೇ.

ಅದರ ಒಂದು ಚೂರನ್ನು ಒರೆಸಿ ಚೀಲಕ್ಕೆ ಹಾಕಿಕೊಂಡಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋಗುತ್ತೇನೆ. ಚೂರನ್ನು ದಾವಲಸಾಬನ ಕೈಗಿಟ್ಟು ನಡೆದದ್ದು ತಿಳಿಸುತ್ತೇನೆ. ಮೊಮ್ಮಕ್ಕಳನ್ನೆಲ್ಲ ಕರೆದು ಕೂರಿಸಿ, ಈ ಸಲದ ಕಥೆಯನ್ನು ಅವನೇ ಹೇಳಲಿ, ನಾನು ಮುಂದೆ ಕುಳಿತು ಕೇಳುತ್ತೇನೆ.